ಮದುವೆ ಮನೆಯ ವಾದ್ಯ, ಅಪ್ಪನ ರಾಕ್ ಸಂಗೀತ

ಪ್ರಶ್ನೆ: ಮಣಿಪಾಲದಲ್ಲಿ ಓದುತ್ತಿದ್ದ ಕಾಲದಿಂದಲೂ ನಾನು ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಅಭಿಮಾನಿ. 2009ರ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್‌ನ ಅಂತಿಮ ಹಣಾಹಣಿ) ಪಂದ್ಯದ ವಿರಾಮದಲ್ಲಿ ಅವರು ಹಾಡಿದ್ದು ಟಿವಿಯಲ್ಲಿ ನೇರ ಪ್ರಸಾರವಾಗಿತ್ತು. ಅದರ ವಿಡಿಯೊವನ್ನು ಮೊನ್ನೆ ಮಕ್ಕಳಿಗೆ ತೋರಿಸಿದೆ. ಹದಿನಾಲ್ಕರ ಮಗಳು ಎರಡೇ ನಿಮಿಷಕ್ಕೆ ಮೊಬೈಲ್ ಹಿಡಿದಳು. ಹತ್ತರ ಮಗ, ಗಾಯಕರು ಮೊಣಕಾಲೂರಿ ಜಾರುತ್ತ ಬಂದು ಕ್ಯಾಮೆರಾಕ್ಕೆ ಬಡಿದದ್ದನ್ನು ಕಂಡು ಬಿದ್ದು ಬಿದ್ದು ನಕ್ಕ, ಬಳಿಕ "ಅದು ಮದುವೆಯಲ್ಲಿ ಊದುವ ವಾದ್ಯ ಅಲ್ವಾ ಅಪ್ಪ?" ಎಂದು ಕೇಳಿ ಎದ್ದುಹೋದ. ನನ್ನ ಸಂಗೀತವನ್ನು ಮಕ್ಕಳಿಗೆ ದಾಟಿಸುವುದು ಹೇಗೆ?
— ಓದುಗರು, ಉಡುಪಿ

ಉತ್ತರ: ಆ ಪಂದ್ಯ ನಡೆದ ಟ್ಯಾಂಪಾ ನಗರದ ಹನ್ನೆರಡು ನಿಮಿಷಗಳ ಹಾಡಿನ ಜೊತೆಗೆ ನಿಮಗೆ ಮಣಿಪಾಲದ ದಿನಗಳೂ ಗೆಳೆಯರೂ ನೆನಪಾಗಿರಬೇಕು, ಮಕ್ಕಳಿಗೆ ಕಂಡವರು ಬೆವರು ಸುರಿಸುತ್ತ ಹಾಡುವ, 59 ವರ್ಷದ ಒಬ್ಬ ಅಪರಿಚಿತರು. ಆದ್ದರಿಂದ ಮಗಳ ಮೇಲೆ ಬೇಸರಿಸಬೇಡಿ. (ನನ್ನ ತಂದೆ ಆಕಾಶವಾಣಿಯ ಕಛೇರಿ ಕೇಳುತ್ತಿದ್ದಾಗ ನಾನು ಮಾಡುತ್ತಿದ್ದ ಮುಖವನ್ನು ಇಲ್ಲಿ ವರ್ಣಿಸದಿರುವುದೇ ಲೇಸು.)

ಮಗನ ಪ್ರಶ್ನೆಯನ್ನು ಮಾತ್ರ ನೀವು ಕೈಬಿಡಬಾರದಿತ್ತು. ಅವನು ಗುರುತಿಸಿದ್ದು ಸ್ಯಾಕ್ಸೋಫೋನ್; ಅಂದು ಅದನ್ನು ನುಡಿಸಿದವರು ಕ್ಲಾರೆನ್ಸ್ ಕ್ಲೆಮನ್ಸ್. ನಮ್ಮ ಕರಾವಳಿಯಲ್ಲಿ ಆ ವಾದ್ಯಕ್ಕೆ ಇಂದಿರುವ ಮನ್ನಣೆಯ ಹಿಂದೆ ಕದ್ರಿ ಗೋಪಾಲನಾಥರಿದ್ದಾರೆ. ನಾಗಸ್ವರ ವಾದಕರ ಮಗನಾಗಿದ್ದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ನಾದಕ್ಕೆ ಮಾರುಹೋಗಿ, ಸ್ವರಗಳನ್ನು ತೂಗಿ ಬಳುಕಿಸುವ ಗಮಕಗಳಿಗೆ ಸುಲಭವಾಗಿ ಬಗ್ಗದ ಆ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿ ಕರ್ನಾಟಕ ಸಂಗೀತದೊಳಕ್ಕೆ ತಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿಯೂ ನುಡಿಸಿದರು. ತಂದೆಯಿಂದ ಬಂದ ಸಂಗೀತವನ್ನು ಇಟ್ಟುಕೊಂಡು ವಾದ್ಯವನ್ನು ಬದಲಿಸಿದವರು ಅವರು. ನಿಮ್ಮ ಮಗನಿಗೆ ಮೊದಲು ಅವರ ಒಂದು ಕೀರ್ತನೆಯನ್ನು ಕೇಳಿಸಿ, ಇನ್ನೊಂದು ದಿನ ಕ್ಲೆಮನ್ಸರನ್ನು ಕೇಳಿಸಿ. ಒಂದೇ ಹಿತ್ತಾಳೆಯ ವಾದ್ಯ ಎರಡು ಬಗೆಯಲ್ಲಿ ಹೇಗೆ ಉಲಿಯುತ್ತದೆಂದು ಅವನೇ ಕಂಡುಕೊಳ್ಳಲಿ. ಆ ಜಾರಿದ ದೃಶ್ಯವನ್ನು ಮತ್ತೆ ಹಾಕೆಂದರೆ ಹಾಕಿ, ನೀವೂ ನಗಿ.

ಮಗಳ ವಿಷಯದಲ್ಲಿ ಅವಸರ ಬೇಡ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಅವರು ಸಹಲೇಖಕರೊಡನೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತರ ಆಸುಪಾಸಿನ ಯುವಜನರಿಗೆ ಹಲವು ದಶಕಗಳ ಜನಪ್ರಿಯ ಹಾಡುಗಳನ್ನು ಕೇಳಿಸಿದಾಗ, ತಮ್ಮ ಕಾಲದ ಹಾಡುಗಳಲ್ಲದೆ ಹೆತ್ತವರ ಹರೆಯದ ಕಾಲದ ಹಾಡುಗಳೊಂದಿಗೂ ಅವರಿಗೆ ವಿಶೇಷ ನಂಟಿರುವುದು ಕಂಡುಬಂತು. ಮನೆಯಲ್ಲಿ ಸುಮ್ಮನೆ ಕಿವಿಗೆ ಬಿದ್ದದ್ದೂ ಒಳಗೆ ಉಳಿದಿರುತ್ತದೆ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಸ್ಪ್ರಿಂಗ್‌ಸ್ಟೀನ್ ತಂಡದ ಡ್ರಮ್ ವಾದಕ ಮ್ಯಾಕ್ಸ್ ವೈನ್‌ಬರ್ಗ್ ಅವರ ಮಗ ಜೇ, ಅದೇ 2009ರಲ್ಲಿ ತಂಡದ ಸಂಗೀತ ಪ್ರವಾಸದ ಕೆಲವು ಕಾರ್ಯಕ್ರಮಗಳಲ್ಲಿ ತಂದೆಯ ಜಾಗದಲ್ಲಿ ಕುಳಿತು ನುಡಿಸಿದರು. ಮುಂದೆ ಅವರು ಸೇರಿದ್ದು ಸ್ಲಿಪ್‌ನಾಟ್ ಎಂಬ ಅಬ್ಬರದ ಮೆಟಲ್ ತಂಡವನ್ನು.

ಮಕ್ಕಳನ್ನು ಎದುರು ಕೂರಿಸಿ ಪಾಠ ಹೇಳುವುದನ್ನು ಬಿಟ್ಟು, ಕಾರಿನಲ್ಲಿ ಮಂಗಳೂರಿಗೆ ಹೋಗುವಾಗ ನಿಮ್ಮ ಹಾಡು, ಬರುವಾಗ ಮಗಳ ಹಾಡು ಎಂದು ಪಾಳಿ ಮಾಡಿಕೊಳ್ಳಿ. ಅವಳ ಪಾಳಿಯಲ್ಲಿ ಕೆ-ಪಾಪ್ ಬಂದರೆ ಹಾಡಿದವರ ಹೆಸರನ್ನು ಕೇಳಿ ತಿಳಿದುಕೊಳ್ಳಿ, ವಾಲ್ಯೂಮ್ ತಗ್ಗಿಸಲು ಹೇಳಬೇಡಿ.