ಅಬ್ಬಾ ತಂಡದ ‘ದಿ ವಿಸಿಟರ್ಸ್’ ರೀಮಾಸ್ಟರ್ ಕೇಳಿದೆ, ಮಂಕಾಗಿದೆ ಅನಿಸಿತು. ಇದರಲ್ಲಿ ಅಂಥದ್ದೇನಿದೆ?

ನೀವು ಕೇಳಿರೋದು ಮೂರು ವಿಷಯ. ಸ್ವೀಡನ್ನಿನ ಪಾಪ್ ತಂಡ ಅಬ್ಬಾ ಅಂದರೆ ಕುಣಿಸುವ ಹಾಡು ಅಂದುಕೊಂಡಿದ್ದಿರಿ, ಗೆಳೆಯರ ಮಾತು ಕೇಳಿ ‘ದಿ ವಿಸಿಟರ್ಸ್’ ಆಲ್ಬಮ್ಮಿನ 2012ರ ಡಿಲಕ್ಸ್ ಆವೃತ್ತಿ ಹಾಕಿದಿರಿ, ಮಂಕಾಗಿ ಕೇಳಿಸಿತು. ಹಾಗಾದರೆ ಜನ ಇದನ್ನು ಯಾಕೆ ಹೊಗಳುತ್ತಾರೆ? ರೀಮಾಸ್ಟರ್ ಮಾಡಿದರೆ ಏನು ಬದಲಾಗುತ್ತದೆ? ಜಾಸ್ತಿ ದುಡ್ಡು ಕೊಟ್ಟು ಹೈ-ರೆಸ್ ಫೈಲ್, ಅಂದರೆ ಸಿಡಿಗಿಂತ ಸೂಕ್ಷ್ಮವಾಗಿ ಸದ್ದನ್ನು ಅಳೆದಿಟ್ಟ ಫೈಲ್, ತಗೋಬೇಕಾ?

ಕೊನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಬೇಡ. ಯಾಕೆ ಅನ್ನೋದು ಮುಂದೆ ಬರುತ್ತೆ.

ನಾನು ಬಳ್ಳಾರಿಯವನು. ಕೌಲ್ ಬಜಾರಿನ ಕಡೆ ಜೀನ್ಸ್ ಹೊಲಿಸುವ ಕೆಲಸ. ಸಂಗೀತದ ಪಂಡಿತ ಅಲ್ಲ. ಆದರೆ ಈ ಆಲ್ಬಮ್ ನನ್ನ ಜೊತೆ ಬಹಳ ವರ್ಷದಿಂದ ಇದೆ, ಅದೂ ಅರ್ಧಂಬರ್ಧ. ಆ ಅರ್ಧಂಬರ್ಧದ ಕಥೆ ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟಿದ್ದೇ.

ಆಗೆಲ್ಲ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿಗಳಿದ್ದವು, ನಿಮಗೆ ನೆನಪಿದೆಯೋ ಇಲ್ಲವೋ. ಖಾಲಿ ಕ್ಯಾಸೆಟ್ ಕೊಟ್ಟು, ಬೇಕಾದ ಹಾಡಿನ ಪಟ್ಟಿ ಬರೆದುಕೊಟ್ಟರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ನಮ್ಮ ಸೋದರಮಾವ ಹಾಗೆ ಮಾಡಿಸಿದ ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ‘ದಿ ವಿಸಿಟರ್ಸ್’, ಇನ್ನೊಂದು ಬದಿಗೆ ಹಳೆಯ ಹಿಂದಿ ಹಾಡು. ಲೆಕ್ಕ ಹಾಕಿ ನೋಡಿ. ಒಂದು ಬದಿಗೆ ಮೂವತ್ತು ನಿಮಿಷ. ಆಲ್ಬಮ್ಮಿನ ಒಂಬತ್ತು ಹಾಡು ಸೇರಿ ಸುಮಾರು ಮೂವತ್ತೆಂಟು ನಿಮಿಷ. ಏಳನೇ ಹಾಡು ಮುಗಿಯುವ ಹೊತ್ತಿಗೆ ಟೇಪ್ ಖಲಾಸ್. ಅಂಗಡಿಯವರಿಗೆ ಅದೇನೂ ದೊಡ್ಡ ವಿಷಯ ಆಗಿರಲಿಲ್ಲ. ನಮಗೂ ಕವರ್ ಇಲ್ಲದ ಕ್ಯಾಸೆಟ್ಟು, ಹಾಡು ಎಷ್ಟಿರಬೇಕು ಅಂತ ಯಾರಿಗೆ ಗೊತ್ತು? ಕೊನೆಯ ಎರಡು ಹಾಡು ಇಲ್ಲದೆಯೇ ನಾನು ಈ ಆಲ್ಬಮ್ಮನ್ನು ಬಾಯಿಪಾಠ ಮಾಡಿದ್ದೆ. ಆ ಎರಡನ್ನು ಅವುಗಳ ಜಾಗದಲ್ಲಿ ಕೇಳಿದ್ದು ರೀಮಾಸ್ಟರ್ ಸಿಕ್ಕ ಮೇಲೆಯೇ. ಆಮೇಲೆ ಗೊತ್ತಾಯಿತು, ಇಡೀ ಆಲ್ಬಮ್ ಹೊರಟಿರುವುದೇ ಆ ಎರಡು ಹಾಡಿನ ಕಡೆಗೆ.

ಈಗ ಮಂಕಿನ ವಿಷಯ. ನಿಮ್ಮ ಕಿವಿ ಸರಿಯಾಗಿಯೇ ಇದೆ. ಈ ಆಲ್ಬಮ್ ಬಂದಿದ್ದು 1981ರ ನವೆಂಬರ್ 30ಕ್ಕೆ. ತಂಡದಲ್ಲಿ ಇದ್ದಿದ್ದು ಎರಡು ಜೋಡಿ: ಗಂಡಂದಿರು ಬ್ಯೋರ್ನ್ ಮತ್ತು ಬೆನ್ನಿ, ಹೆಂಡತಿಯರು ಅಗ್ನೇತಾ ಮತ್ತು ಫ್ರೀಡಾ. ಬ್ಯೋರ್ನ್ ಮತ್ತು ಅಗ್ನೇತಾ ಬೇರೆಯಾಗಿ ಆಗಲೇ ಎರಡು ವರ್ಷದ ಮೇಲಾಗಿತ್ತು. ಬೆನ್ನಿ ಮತ್ತು ಫ್ರೀಡಾ ಬೇರೆಯಾಗುತ್ತಿರುವ ಸುದ್ದಿ ಅದೇ ವರ್ಷದ ಫೆಬ್ರವರಿಯಲ್ಲಿ ಹೊರಬಿತ್ತು. ಮಾರ್ಚಿನಲ್ಲಿ ರೆಕಾರ್ಡಿಂಗ್ ಶುರು. ಅಂದರೆ ಸ್ಟಾಕ್‌ಹೋಮಿನ ಪೋಲಾರ್ ಸ್ಟುಡಿಯೋದೊಳಗೆ ಇಬ್ಬರು ಮಾಜಿ ಗಂಡಂದಿರು ಹಾಡು ಕಟ್ಟುತ್ತಿದ್ದರು, ಇಬ್ಬರು ಮಾಜಿ ಹೆಂಡತಿಯರು ಅದನ್ನು ಹಾಡುತ್ತಿದ್ದರು. ಸಾಹಿತ್ಯ ಬರೆಯುವವರು ಬ್ಯೋರ್ನ್. ಬೆನ್ನಿ-ಫ್ರೀಡಾ ಬೇರೆಯಾದದ್ದರ ಮೇಲೆ ಅವರು ‘ವೆನ್ ಆಲ್ ಈಸ್ ಸೆಡ್ ಅಂಡ್ ಡನ್’ ಬರೆದರು, ಹಾಡಿದ್ದು ಸ್ವತಃ ಫ್ರೀಡಾ. ನಮ್ಮ ಕಡೆ ಮನೆ ಒಡೆದರೆ ಅಣ್ಣತಮ್ಮಂದಿರು ಒಂದು ಮದುವೆಗೂ ಒಟ್ಟಿಗೆ ಹೋಗುವುದಿಲ್ಲ. ಇವರು ಕೂತು ಆಲ್ಬಮ್ ಮಾಡಿದ್ದಾರೆ!

ಮುಖಪುಟ ನೋಡಿದ್ದೀರಾ? ಸ್ಟಾಕ್‌ಹೋಮಿನ ಸ್ಕಾನ್ಸೆನ್ ಅನ್ನೋ ಬಯಲು ವಸ್ತುಸಂಗ್ರಹಾಲಯದಲ್ಲಿ, ಹಳೆಯ ಕಾಲದ ಚಿತ್ರಕಾರ ಜೂಲಿಯಸ್ ಕ್ರೋನ್‌ಬರ್ಗ್ ಅವರು ಚಿತ್ರ ಬರೆಯುತ್ತಿದ್ದ ಕೋಣೆಯಲ್ಲಿ ತೆಗೆದ ಫೋಟೊ ಅದು. ಅರೆಕತ್ತಲೆ, ಹಿಂದೆ ಪ್ರೇಮದೇವತೆಯ ದೊಡ್ಡ ಚಿತ್ರ, ನಾಲ್ಕು ಜನ ಒಬ್ಬರನ್ನೊಬ್ಬರು ನೋಡದೆ ದೂರ ದೂರ. ಮೊದಲಿನ ಆಲ್ಬಮ್ಮುಗಳ ಹೊಳೆಯುವ ಬಟ್ಟೆ, ನಗು ಯಾವುದೂ ಇಲ್ಲ. ಕುಣಿಯಲು ಬಂದವರಿಗೆ ಮಂಕು ಅನಿಸದೆ ಇನ್ನೇನು ಅನಿಸುತ್ತೆ?

ಹಾಗಂತ ಇದು ಬಿದ್ದುಹೋದ ಆಲ್ಬಮ್ ಅಲ್ಲ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು. ಮರೆತುಹೋಗಿದ್ದು ಆಮೇಲೆ. ಅದಕ್ಕೆ ನನಗೆ ಕಾಣುವ ಕಾರಣ ಬಹಳ ಸರಳ. 1992ರಲ್ಲಿ ‘ಅಬ್ಬಾ ಗೋಲ್ಡ್’ ಅನ್ನೋ ಸಂಗ್ರಹ ಬಂತು. ನಮ್ಮಲ್ಲಿ ತುಂಬಾ ಜನರಿಗೆ ಅಬ್ಬಾ ಅಂದರೆ ಆ ಒಂದೇ ಸಿಡಿ. ಅದರಲ್ಲಿರುವ ಹತ್ತೊಂಬತ್ತು ಹಾಡಿನಲ್ಲಿ ಈ ಆಲ್ಬಮ್ಮಿನದು ಒಂದೇ ಒಂದು, ‘ಒನ್ ಆಫ್ ಅಸ್’. ಸಂಗ್ರಹ ಕೇಳಿ ಬೆಳೆದವರಿಗೆ ಉಳಿದ ಎಂಟು ಹಾಡು ಹುಟ್ಟಲೇ ಇಲ್ಲ.

ಇನ್ನು ರೀಮಾಸ್ಟರ್. ಇದನ್ನು ಕೆಲವರು ಹಾಡನ್ನೇ ಹೊಸದಾಗಿ ಮಾಡಿದಂತೆ ಅಂದುಕೊಳ್ಳುತ್ತಾರೆ. ಅಲ್ಲ. ಒಂದೊಂದು ದನಿ, ಒಂದೊಂದು ವಾದ್ಯ ಬೇರೆ ಬೇರೆ ಟ್ರ್ಯಾಕಿನಲ್ಲಿ ಇರುತ್ತದಲ್ವಾ, ಅದನ್ನು ಬಿಚ್ಚಿ ಮತ್ತೆ ಹದ ಮಾಡಿದರೆ ರೀಮಿಕ್ಸ್. ಎಲ್ಲಾ ಸೇರಿಸಿ ಮುಗಿಸಿದ ಎರಡು ಚಾನೆಲ್ಲಿನ ಟೇಪನ್ನು ತಗೊಂಡು ಒಟ್ಟು ದನಿಯ ಮಟ್ಟ, ಬೇಸು, ಟ್ರೆಬಲ್ಲು ತಿದ್ದಿದರೆ ರೀಮಾಸ್ಟರ್. ಹೊಲಿದು ಮುಗಿದ ಪ್ಯಾಂಟಿಗೆ ವಾಷ್ ಕೊಟ್ಟ ಹಾಗೆ. ಬಣ್ಣ ಬದಲಾಗುತ್ತೆ, ಕಟಿಂಗ್ ಬದಲಾಗಲ್ಲ. ವಾಷ್ ಜಾಸ್ತಿಯಾದರೆ ಬಟ್ಟೆಯೇ ಹಾಳು, ಅದೂ ನಿಜ.

ಈ ಆಲ್ಬಮ್ಮಿನಲ್ಲಿ ವಿಶೇಷ ಏನೆಂದರೆ ಇದು ಬಹುಪಾಲು ಡಿಜಿಟಲ್. ಮೊದಲ ಕೆಲವು ಹಾಡು ಮಾಮೂಲಿ ಟೇಪಿನಲ್ಲಿ ಆದವು. ಆಮೇಲೆ ಸ್ಟುಡಿಯೋಗೆ 3ಎಂ ಕಂಪನಿಯ 32 ಟ್ರ್ಯಾಕಿನ ಡಿಜಿಟಲ್ ಯಂತ್ರ ಬಂತು, ಉಳಿದದ್ದು ಅದರಲ್ಲಿ. ಆ ಕಾಲಕ್ಕೆ ಅದು ತೀರಾ ಹೊಸದು. 1982ರ ಆಗಸ್ಟಿನಲ್ಲಿ ಜರ್ಮನಿಯ ಹ್ಯಾನೋವರ್ ಹತ್ತಿರದ ಕಾರ್ಖಾನೆಯಲ್ಲಿ ಸಿಡಿ ಒತ್ತಲು ಶುರು ಮಾಡಿದಾಗ ಮೊದಮೊದಲು ಒತ್ತಿದ ಪಾಪ್ ಆಲ್ಬಮ್ಮುಗಳಲ್ಲಿ ಇದೂ ಒಂದು. ಧ್ವನಿ ಎಂಜಿನಿಯರ್ ಮೈಕೆಲ್ ಟ್ರೆಟೋ ಟೇಪಿನ ಮೇಲೆ ಟೇಪು ಹತ್ತಿಸಿ ದಪ್ಪ ಸದ್ದು ಕಟ್ಟುವುದರಲ್ಲಿ ಪಳಗಿದವರು. ಹೊಸ ಯಂತ್ರದ ಸ್ವಚ್ಛ, ಚೂಪು ಸದ್ದು ಅವರಿಗೆ ಸುಲಭಕ್ಕೆ ಒಗ್ಗಲಿಲ್ಲ.

ಈಗ ಹೈ-ರೆಸ್ ಲೆಕ್ಕ. 3ಎಂ ಯಂತ್ರ ಸೆಕೆಂಡಿಗೆ 50,000 ಸಲ ಸದ್ದನ್ನು ಅಳೆಯುತ್ತಿತ್ತು. ಸಿಡಿಯಲ್ಲಿ ಇರುವುದು 44,100. ಅಳತೆಯ ಅರ್ಧದಷ್ಟು ಕಂಪನ ಮಾತ್ರ ಹಿಡಿಯಲು ಸಾಧ್ಯ, ಅಂದರೆ 3ಎಂ ಯಂತ್ರದಲ್ಲಿ ಸೆಕೆಂಡಿಗೆ 25,000 ಕಂಪನ (ಹರ್ಟ್ಸ್), ಸಿಡಿಯಲ್ಲಿ 22,050. ಎಳೆಯ ಕಿವಿಗೂ 20,000ದ ಮೇಲೆ ಕೇಳಲ್ಲ. ನನ್ನ ಕಿವಿ ಹೊಲಿಗೆ ಮಷಿನ್ ನಡುವೆ ಸವೆದಿದೆ, ಅದರ ಮಾತು ಬಿಡಿ. ಮೂಲದಲ್ಲೇ ಇಲ್ಲದ್ದನ್ನು 96,000ದ ಫೈಲಿನಲ್ಲಿ ಹಾಕಿ ಕೊಟ್ಟರೆ ಡಬ್ಬ ದೊಡ್ಡದಾಯಿತು, ಒಳಗಿನ ಅಕ್ಕಿ ಅಷ್ಟೇ. ಅದಕ್ಕೇ ಬೇಡ ಅಂದೆ.

ಹಾಗಾದರೆ ಯಾವ ಆವೃತ್ತಿ? 1997, 2001, 2005, ಆಮೇಲೆ 2012, ಹೀಗೆ ಮತ್ತೆ ಮತ್ತೆ ರೀಮಾಸ್ಟರ್ ಆಗಿದೆ. ಎಂಬತ್ತರ ದಶಕದ ಸಿಡಿ ಜೊತೆ ಇಟ್ಟು ಕೇಳಿದರೆ 2012ರದು ಜೋರು. ಜೋರಿಗೆ ಒಂದು ಬೆಲೆ ಇದೆ. ಡಿಜಿಟಲ್ಲಿನಲ್ಲಿ ದನಿಗೆ ಒಂದು ಚಾವಣಿ ಇರುತ್ತೆ, ಅದನ್ನು ದಾಟುವಂತಿಲ್ಲ. ಜೋರು ಮಾಡಬೇಕೆಂದರೆ ಮೆಲ್ಲಗಿನ ಭಾಗವನ್ನೇ ಮೇಲೆ ತಳ್ಳಬೇಕು. ಆಗ ಪಿಸುಮಾತಿಗೂ ಕೂಗಿಗೂ ಇರುವ ದೂರ ಕಡಿಮೆಯಾಗುತ್ತೆ. ಬರೀ ಕುಣಿಯುವ ಹಾಡಿನಲ್ಲಿ ಇದು ಅಷ್ಟಾಗಿ ಗೊತ್ತಾಗಲ್ಲ. ಈ ಆಲ್ಬಮ್ಮಿನಲ್ಲಿ ಗೊತ್ತಾಗುತ್ತೆ. ಯಾಕೆಂದರೆ ಇಲ್ಲಿ ಹಾಡಿನ ಸುತ್ತ ಇರುವ ಖಾಲಿ ಜಾಗವೇ ಮುಖ್ಯ.

ಒಂದು ಪರೀಕ್ಷೆ ಮಾಡಿ. ಮೊದಲ ಹಾಡು, ಆಲ್ಬಮ್ಮಿನ ಹೆಸರಿನದೇ, ಹಾಕಿ. ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯದ ಶ್ರುತಿ ಎಳೆದುಕೊಂಡು ಶುರುವಾಗುತ್ತೆ, ನಮ್ಮ ಕಿವಿಗೆ ತಂಬೂರಿಯ ನೆನಪು ಬರುವಷ್ಟು. ಅದರ ಮೇಲೆ ಫ್ರೀಡಾ ದನಿ ಯಂತ್ರದಲ್ಲಿ ಹಾಯ್ದು, ತೆಳ್ಳಗಾಗಿ, ಅಂಜಿಕೊಂಡು ಬರುತ್ತೆ. ಮನೆಯೊಳಗೆ ಒಬ್ಬಳೇ ಕೂತ ಹೆಣ್ಣುಮಗಳು, ಹೊರಗೆ ಬಾಗಿಲು ಬಡಿಯುತ್ತಿದ್ದಾರೆ. ಸೋವಿಯತ್ ಒಕ್ಕೂಟದಲ್ಲಿ ಸರ್ಕಾರವನ್ನು ವಿರೋಧಿಸಿ ಗುಟ್ಟಾಗಿ ಸೇರುತ್ತಿದ್ದವರ ಕಥೆ ಇದು. ಪಾಪ್ ಆಲ್ಬಮ್ಮಿನ ಮೊದಲ ಹಾಡಾಗಿ ಇದನ್ನು ಇಡಲು ಧೈರ್ಯ ಬೇಕು. ಆ ಅಂಜಿಕೆಯ ಭಾಗ ಮುಗಿದು ಪಲ್ಲವಿ ಸ್ಫೋಟಿಸಿದಾಗ ನೀವು ಕೂತಲ್ಲೇ ಸ್ವಲ್ಪ ಬೆಚ್ಚಿದರೆ ಮಾಸ್ಟರಿಂಗ್ ಚೆನ್ನಾಗಿದೆ ಅಂತ ಅರ್ಥ. ಎರಡೂ ಒಂದೇ ಮಟ್ಟದಲ್ಲಿ ಕೇಳಿದರೆ ಹಿಂಡಿದ್ದಾರೆ ಅಂತ. ನನಗೆ 2012ರದ್ದು ನಡುವೆ ಎಲ್ಲೋ ನಿಲ್ಲುತ್ತೆ. ಬೇಸು ಸ್ಪಷ್ಟ, ದನಿ ಹತ್ತಿರ, ಆದರೆ ಬೆಚ್ಚುವುದು ಹಳೆಯ ಸಿಡಿಯಲ್ಲೇ ಜಾಸ್ತಿ. ಹೋಲಿಸುವಾಗ ಹಳೆಯದರ ವಾಲ್ಯೂಮ್ ಸ್ವಲ್ಪ ಏರಿಸಿ ಸಮ ಮಾಡಿಕೊಳ್ಳಿ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತೆ.

ಇನ್ನೊಂದು ಮಾತು. ಬಳ್ಳಾರಿಯ ಬಿಸಿಲು ನಿಮಗೆ ಹೇಳಬೇಕಿಲ್ಲ. ಮಾರ್ಚಿನಿಂದ ಜೂನ್ ತನಕ ಮನೆಯಲ್ಲಿ ಕೂಲರ್ ಬಂದ್ ಆಗುವುದೇ ಇಲ್ಲ. ಕೂಲರ್ ಸದ್ದಿನಲ್ಲಿ ಈ ಆಲ್ಬಮ್ಮಿನ ಅರ್ಧ ಮುಳುಗಿಹೋಗುತ್ತೆ. ಮಂಕು ಅನಿಸಿದ್ದಕ್ಕೆ ಅದೂ ಕಾರಣ ಇರಬಹುದು, ಸುಮ್ನೆ ಯೋಚನೆ ಮಾಡಿ. ಇಯರ್‌ಫೋನ್ ಹಾಕಿ, ಇಲ್ಲವೇ ಡಿಸೆಂಬರ್ ತನಕ ಕಾಯಿರಿ. ನನಗೆ ಕರೆಂಟ್ ಹೋದ ರಾತ್ರಿಗಳು ಅನುಕೂಲ. ಫೋನಿಗೆ ಚಾರ್ಜ್ ಇದ್ದರೆ ಸಾಕು.

ಎಲ್ಲಾ ಹಾಡಿನ ಬಗ್ಗೆ ಬರೆಯುತ್ತಾ ಕೂರಲ್ಲ. ‘ಹೆಡ್ ಓವರ್ ಹೀಲ್ಸ್’ ಚೆನ್ನಾಗಿದೆ, ಅಷ್ಟೆ. ‘ಸೋಲ್ಜರ್ಸ್’ ಶೀತಲ ಸಮರದ ಭಯದ ಹಾಡು, ಡ್ರಮ್ ಮಾತ್ರ ಗಮನಿಸಿ. ‘ಐ ಲೆಟ್ ದ ಮ್ಯೂಸಿಕ್ ಸ್ಪೀಕ್’ ರಂಗಗೀತೆಯ ಹಾಗಿದೆ. ರಾಘವ ಕಲಾಮಂದಿರದಲ್ಲಿ ನಾಟಕ ನೋಡಿದವರಿಗೆ ಅದು ಪಾಪ್ ಹಾಡಿಗಿಂತ ಪರದೆ ಸರಿಯುವ ಹೊತ್ತಿನ ಹಾಡಿನಂತೆ ಕೇಳುತ್ತೆ. ಅದು ಅವರ ಮುಂದಿನ ದಾರಿಯೂ ಹೌದು. ಬೆನ್ನಿ ಮತ್ತು ಬ್ಯೋರ್ನ್ ಆಮೇಲೆ ‘ಚೆಸ್’ ಅನ್ನೋ ಸಂಗೀತ ನಾಟಕ ಮಾಡಿದರು, ಅದರ ಹಾಡುಗಳು 1984ರಲ್ಲಿ ಬಂದವು.

ಕೊನೆಯ ಎರಡಕ್ಕೆ ಬರುತ್ತೇನೆ. ‘ಸ್ಲಿಪ್ಪಿಂಗ್ ಥ್ರೂ ಮೈ ಫಿಂಗರ್ಸ್’ ಶಾಲೆಗೆ ಹೊರಟ ಮಗಳನ್ನು ನೋಡುತ್ತಾ ನಿಂತ ತಾಯಿಯ ಹಾಡು. ಬರೆದಿದ್ದು ತಂದೆ ಬ್ಯೋರ್ನ್, ತಮ್ಮ ಮಗಳು ಲಿಂಡಾಳನ್ನು ನೋಡಿ. ಹಾಡಿದ್ದು ಅವಳ ತಾಯಿ ಅಗ್ನೇತಾ. ತಂದೆ ತಾಯಿ ಆಗಲೇ ಬೇರೆ ಬೇರೆ ಮನೆಯಲ್ಲಿದ್ದರು. ಅಗ್ನೇತಾ ಇಲ್ಲಿ ದನಿ ಏರಿಸುವುದೇ ಇಲ್ಲ. ಅತ್ತು ಹಾಡಿದ್ದರೆ ನಾವು ಕರುಣೆ ತೋರಿಸಿ ಮುಂದೆ ಹೋಗಿಬಿಡುತ್ತಿದ್ದೆವು. ಆಕೆ ದಿನದ ಕೆಲಸ ಹೇಳಿದಂತೆ ಹಾಡುತ್ತಾರೆ. ನನ್ನ ಮಗಳು ಧಾರವಾಡಕ್ಕೆ ಓದಲು ಹೋದ ಮೇಲೆ ಈ ಹಾಡು ನನಗೆ ಸ್ವಲ್ಪ ಕಷ್ಟ, ಬಿಡಿ.

ಕೊನೆಯದು ‘ಲೈಕ್ ಆನ್ ಏಂಜೆಲ್ ಪಾಸಿಂಗ್ ಥ್ರೂ ಮೈ ರೂಮ್’. ಗಡಿಯಾರದ ಟಿಕ್ ಟಿಕ್, ಸಿಂಥಸೈಜರ್, ಫ್ರೀಡಾ ಒಬ್ಬರೇ. ಡ್ರಮ್ ಇಲ್ಲ, ಅಗ್ನೇತಾ ದನಿಯೂ ಇಲ್ಲ. ಎರಡು ದನಿ ಸೇರಿ ಬರುವ ಸದ್ದೇ ಅಬ್ಬಾದ ಗುರುತು. ಆ ಗುರುತನ್ನು ತೆಗೆದಿಟ್ಟು ಆಲ್ಬಮ್ ಮುಗಿಸಿದ್ದಾರೆ. ಮುಂದಿನ ಆಲ್ಬಮ್ ಬಂದಿದ್ದು 2021ರ ನವೆಂಬರಿನಲ್ಲಿ, ನಲವತ್ತು ವರ್ಷದ ಮೇಲೆ.

2012ರ ಆವೃತ್ತಿಗೆ ದುಡ್ಡು ಕೊಡಲು ನಿಜವಾದ ಕಾರಣ ಇರುವುದು ಇಲ್ಲೇ. ಈ ಒಂದು ಹಾಡು ಹೇಗೆ ಹುಟ್ಟಿತು ಅನ್ನೋದನ್ನು ತೋರಿಸುವ ಡೆಮೊ (ಕಚ್ಚಾ ರೆಕಾರ್ಡಿಂಗ್) ತುಣುಕುಗಳನ್ನು ಜೋಡಿಸಿ ‘ಫ್ರಮ್ ಎ ಟ್ವಿಂಕ್ಲಿಂಗ್ ಸ್ಟಾರ್ ಟು ಎ ಪಾಸಿಂಗ್ ಏಂಜೆಲ್’ ಅಂತ ಸೇರಿಸಿದ್ದಾರೆ. ಅದೇ ರಾಗ, ಬೇರೆ ಬೇರೆ ಮಾತು, ಬೇರೆ ಬೇರೆ ಏರ್ಪಾಡು. ಒಂದು ಹಂತದಲ್ಲಿ ಡಿಸ್ಕೊ ತಾಳವನ್ನೂ ಹಾಕಿ ನೋಡಿದ್ದಾರೆ! ಒಂದೊಂದೇ ತೆಗೆದುಹಾಕುತ್ತಾ ಹೋಗಿ ಗಡಿಯಾರ ಮತ್ತು ಒಂದು ದನಿಗೆ ಬಂದು ನಿಂತಿದ್ದಾರೆ. ಯಾವ ರೀಮಾಸ್ಟರಿನ ಹೊಳಪಿಗಿಂತಲೂ ನನಗೆ ಇದು ಜಾಸ್ತಿ ಕಲಿಸಿತು.

ಬೋನಸ್ಸಿನಲ್ಲಿ, ಅಂದರೆ ಈ ಆವೃತ್ತಿಯಲ್ಲಿ ಒಂಬತ್ತರ ಮೇಲೆ ಸೇರಿಸಿದ ಹಾಡುಗಳಲ್ಲಿ, 1982ರ ‘ದ ಡೇ ಬಿಫೋರ್ ಯು ಕೇಮ್’ ಕೂಡ ಇದೆ, ಅದನ್ನು ಬೇರೆ ದಿನ ಕೇಳಿ. ಆಲ್ಬಮ್ ಮುಗಿದ ತಕ್ಷಣ ಅದು ಬಂದರೆ ಒಂಬತ್ತನೇ ಹಾಡಿನ ಕೆಲಸ ಕೆಡುತ್ತೆ. ಒಂಬತ್ತಕ್ಕೆ ನಿಲ್ಲಿಸುವ ಹಾಗೆ ಪ್ಲೇಲಿಸ್ಟ್ ಮಾಡಿಕೊಳ್ಳಿ.

ಪ್ಲೇಲಿಸ್ಟ್ ಮಾಡುವಾಗ ಇನ್ನೊಂದು ಕಿತಾಪತಿ ಮಾಡಬಹುದು. ಏಳನೆಯದು ‘ಟೂ ಫಾರ್ ದ ಪ್ರೈಸ್ ಆಫ್ ಒನ್’. ರೈಲ್ವೆ ಸ್ಟೇಷನ್ನಿನಲ್ಲಿ ಕಸ ಗುಡಿಸುವವನೊಬ್ಬ ಜಾಹೀರಾತು ನೋಡಿ ಹೆಣ್ಣು ಹುಡುಕಲು ಹೊರಡುವ ತಮಾಷೆ ಹಾಡು, ಹಾಡಿದ್ದು ಬ್ಯೋರ್ನ್. ಕೊನೆಗೆ ಬ್ಯಾಂಡ್ ಸೆಟ್ ಬೇರೆ. ಈ ಆಲ್ಬಮ್ಮಿಗೆ ಅದು ಹೊಂದುವುದೇ ಇಲ್ಲ. ನಮ್ಮ ಕ್ಯಾಸೆಟ್ಟು ಅದರ ಕೊನೆಯ ತುಣುಕನ್ನು ಕತ್ತರಿಸಿದ್ದರಲ್ಲಿ ನನಗೆ ದುಃಖ ಇಲ್ಲ. ಬೋನಸ್ಸಿನಲ್ಲಿ ‘ಶುಡ್ ಐ ಲಾಫ್ ಆರ್ ಕ್ರೈ’ ಇದೆ, ‘ಒನ್ ಆಫ್ ಅಸ್’ ರೆಕಾರ್ಡಿನ ಹಿಂಬದಿಗೆ ಹಾಕಿದ್ದ ಹಾಡು, ಹಾಡಿದ್ದು ಫ್ರೀಡಾ. ಅದನ್ನು ಏಳನೇ ಜಾಗಕ್ಕೆ ತಂದು ಒಮ್ಮೆ ಕೇಳಿ ನೋಡಿ. ಮಂಕು ಇನ್ನೂ ಸ್ವಲ್ಪ ಜಾಸ್ತಿಯಾಗುತ್ತೆ, ಆದರೆ ಆಲ್ಬಮ್ ಗಟ್ಟಿಯಾಗುತ್ತೆ. ಒಪ್ಪದಿದ್ದರೆ ಕೆಳಗೆ ಬರೆಯಿರಿ, ಜಗಳ ಆಡೋಣ.