ಈಗಿನ ಹಾಟ್ ಹ್ಯಾಚ್‌ಬ್ಯಾಕ್‌ಗಳ ಅಲಂಕಾರ ಅತಿಯಾಯ್ತು ಅಂತ ಕಾರು ಪ್ರಿಯರು ಯಾಕೆ ಗೊಣಗುತ್ತಾರೆ?

ಹಾಟ್ ಹ್ಯಾಚ್‌ಬ್ಯಾಕ್ ಅಂದರೆ ಮನೆಬಳಕೆಯ ಸಣ್ಣ ಕಾರಿಗೆ ಜೋರಾದ ಎಂಜಿನ್ ಕೂರಿಸಿದ ಮಾದರಿ. ಗೊಣಗಾಟಕ್ಕೆ ದೊಡ್ಡ ಕಾರಣ 2017ರ ಹೋಂಡಾ ಸಿವಿಕ್ ಟೈಪ್ ಆರ್. ಬೆನ್ನ ಮೇಲೆ ದೊಡ್ಡ ರೆಕ್ಕೆ, ಹಿಂದೆ ನಟ್ಟನಡುವೆ ಮೂರು ಸೈಲೆನ್ಸರ್ ಕೊಳವೆ, ಎಲ್ಲಿ ನೋಡಿದರೂ ಚೂಪು ಗೆರೆ. ಅಷ್ಟಾದರೆ ಜನ ಸಹಿಸಿಕೊಳ್ಳುತ್ತಿದ್ದರೋ ಏನೋ. ಸಿಟ್ಟು ಬಂದದ್ದು ಬಂಪರ್ ನೋಡಿ. ಹಿಂದಿನ ಬಂಪರಿನ ಎರಡೂ ಮೂಲೆಯಲ್ಲಿ ಜೇನುಗೂಡಿನಂಥ ಕಪ್ಪು ಜಾಲರಿ ಇದೆ. ದೂರದಿಂದ ಗಾಳಿ ಹೋಗುವ ದಾರಿ ಅನಿಸುತ್ತದೆ. ಬೆರಳಿಟ್ಟು ನೋಡಿ, ಬರೀ ಮುಚ್ಚಿದ ಪ್ಲಾಸ್ಟಿಕ್! ಬಾನೆಟ್ ಮೇಲಿನ ತೂತು ಮಾತ್ರ ನಿಜವಾದದ್ದು. ರೆಕ್ಕೆಯೂ ಸುಮ್ನೆ ಶೋಕಿಗಲ್ಲ, ವೇಗದಲ್ಲಿ ಕಾರನ್ನು ರಸ್ತೆಗೆ ಒತ್ತಿ ಹಿಡಿಯುತ್ತದೆ.

ಹಳಬರು ಇದನ್ನು ಅಳೆಯುವುದು 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಪಕ್ಕ ಇಟ್ಟು. ಅದಕ್ಕೆ ಗ್ರಿಲ್ ಸುತ್ತ ಒಂದು ಕೆಂಪು ಗೆರೆ, ಒಳಗೆ ಚೌಕಳಿ ಬಟ್ಟೆಯ ಸೀಟು, ಗಾಲ್ಫ್ ಚೆಂಡಿನಂಥ ಗೇರ್ ಹಿಡಿ. ಗೊತ್ತಿದ್ದವರಿಗೆ ಅಷ್ಟೇ ಸಾಕಿತ್ತು ಅಲ್ವಾ?

ಟೊಯೋಟಾ ಜಿಆರ್ ಯಾರಿಸ್ ಅನ್ನು ಮಾತ್ರ ಹೆಚ್ಚಿನವರು ಬೈಯುವುದಿಲ್ಲ. ಅದರ ಉಬ್ಬಿದ ಚಕ್ರದ ಕಮಾನು, ತಗ್ಗಿದ ಛಾವಣಿ ಎಲ್ಲ ರ‍್ಯಾಲಿ ರೇಸಿಗೆ ಬೇಕೆಂದೇ ಬಂದವು.

ಹೋಂಡಾ 2022ರ ಟೈಪ್ ಆರ್‌ನಲ್ಲಿ ಗೆರೆಗಳನ್ನು ಜಾಸ್ತಿ ತಿದ್ದಿ ನಯ ಮಾಡಿತು. ಮೂರು ಕೊಳವೆ ಹಾಗೇ ಉಳಿಯಿತು. ತಮಾಷೆ ಅಂದರೆ, ಈಗ ಕೆಲವರಿಗೆ ಹಳೇ ಕೀಟಲೆ ಮುಖವೇ ಚೆಂದ! ನನಗೂ ಅಷ್ಟೇ, ಆ ಪ್ಲಾಸ್ಟಿಕ್ ಜಾಲರಿ ಒಂದು ಬಿಟ್ಟು.