ಬಿಲ್ಲಿನ ಕೊನೆಯ ಸಾಲು ಮಾತ್ರ ನೋಡುವ ಸರ್

ಕೂಪನ್, ಆಫರ್‌ಗಳ ಜಗಳ ಹೊತ್ತು ನನ್ನ ಹತ್ತಿರ ಸಲಹೆಗೆ ಬಂದ ಗಂಡ-ಹೆಂಡತಿಯ ಪ್ರಕರಣ ಇದು, ಇಬ್ಬರೂ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ, ಇಲ್ಲವೇ ಬಿಟ್ಟಿದ್ದೇನೆ. ಇಲ್ಲಿ ಅವರನ್ನು ಸರ್, ಮೇಡಂ ಅಂತಲೇ ಕರೆಯುತ್ತೇನೆ. ನನ್ನ ಕೋಣೆಯಲ್ಲೂ ಹಾಗೇ ಕರೆಯುತ್ತಿದ್ದೆ.

ಮೊದಲು ಫೋನ್ ಮಾಡಿದ್ದು ಮೇಡಂ. "ಇವರು ದುಡ್ಡು ಉಳಿಸಿ ಉಳಿಸಿ ನಮ್ಮನ್ನ ದಿವಾಳಿ ಎಬ್ಬಿಸ್ತಿದ್ದಾರೆ" ಅಂದರು. ಕುಡಿತ, ಜೂಜು, ಸಾಲ ಅಂತ ಬರುವವರು ಬಹಳ ಮಂದಿ. ಉಳಿತಾಯದ ಮೇಲೆ ದೂರು ತರುವವರು ಅಪರೂಪ, ಹಾಗಾಗಿ ಸ್ವಲ್ಪ ಕುತೂಹಲದಿಂದಲೇ ಇಬ್ಬರನ್ನೂ ಕರೆದೆ.

ಸರ್ ಹಳೇ ಕೆಲಸ ಕಳೆದುಕೊಂಡಿದ್ದರು. ಬೇರೆ ಕೆಲಸ ಸಿಕ್ಕಿತು, ಆದರೆ ಸಂಬಳ ಕಡಿಮೆ. ಆಗ ಮನೆ ಸಾಮಾನು ತರುವ ಜವಾಬ್ದಾರಿಯನ್ನು ಅವರೇ ಕೇಳಿ ತಗೊಂಡರು. ಶುರುವಿನಲ್ಲಿ ಚೆನ್ನಾಗಿಯೇ ಇತ್ತು ಅಂತ ಮೇಡಂ ಕೂಡ ಒಪ್ಪುತ್ತಾರೆ. ಪಟ್ಟಿ ಬರೆದುಕೊಂಡು ಹೋಗಿ, ಎರಡು ಅಂಗಡಿಯಲ್ಲಿ ರೇಟು ನೋಡಿ ತರುತ್ತಿದ್ದರಂತೆ. ಆಮೇಲೆ ಒಂದು ಅಂಗಡಿಯ ಮೆಂಬರ್ ಕಾರ್ಡ್ ಬಂತು, ಅದರ ಹಿಂದೆ ಇನ್ನೊಂದು. ಆಪ್‌ಗಳು, ಕೂಪನ್, ಪ್ರೋಮೋ ಕೋಡ್, ಕ್ಯಾಶ್‌ಬ್ಯಾಕ್, ಸ್ಕ್ರ್ಯಾಚ್ ಕಾರ್ಡ್, ಇವತ್ತು ಡಬಲ್ ಪಾಯಿಂಟ್ಸ್, ನಾಳೆ ಕೊನೇ ದಿನ. ಮಂಚದ ಕೆಳಗೆ ಶಾಂಪೂ, ಬೀರುವಿನ ಮೇಲೆ ಡಿಟರ್ಜೆಂಟ್, ಬಾತ್‌ರೂಮಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಟಾಯ್ಲೆಟ್ ಕ್ಲೀನರ್. ತಿಂಗಳ ಕೊನೆಗೆ ಮಗಳ ಫೀಸು ಕಟ್ಟಲು ಮೇಡಂ ತಮ್ಮ ಅಕ್ಕನ ಹತ್ತಿರ ಕೈಸಾಲ ತಗೊಂಡಿದ್ದರು. ಜಗಳ ಜೋರಾಗಿದ್ದು ಅಲ್ಲಿಂದ.

ಸರ್ ಕೈಯಲ್ಲಿ ಒಂದು ದಪ್ಪ ಫೈಲ್ ಇತ್ತು. ತಾವು ತಪ್ಪು ಮಾಡಿಲ್ಲ ಅಂತ ತೋರಿಸಲು ತಂದಿದ್ದರು. ಅಷ್ಟೂ ಬಿಲ್ಲುಗಳು, ತಾರೀಖಿನ ಪ್ರಕಾರ ಜೋಡಿಸಿದವು. ಪ್ರತಿ ಬಿಲ್ಲಿನ ಕೊನೆಯಲ್ಲಿ "ಇಂದು ನೀವು ಉಳಿಸಿದ್ದು" ಅಂತ ಅಂಗಡಿಯವರು ಒಂದು ಸಾಲು ಹಾಕುತ್ತಾರಲ್ಲ, ಅದಕ್ಕೆ ಹಳದಿ ಹೈಲೈಟರ್ ಎಳೆದಿದ್ದರು. ಆ ಬಿಲ್ಲುಗಳ ಕಾಗದ ಎಂಥದ್ದು ಅಂತ ಗೊತ್ತಲ್ಲ. ಹಳೆಯವುಗಳಲ್ಲಿ ಅಕ್ಷರವೆಲ್ಲ ಮಾಸಿ, ಹಳದಿ ಗೆರೆ ಮಾತ್ರ ಉಳಿದಿತ್ತು. ಸರ್ ಅದನ್ನೂ ಬಿಟ್ಟಿರಲಿಲ್ಲ, ಪಕ್ಕದಲ್ಲಿ ಪೆನ್ನಿನಲ್ಲಿ ಉಳಿತಾಯದ ಅಂಕಿ ಬರೆದಿಟ್ಟಿದ್ದರು. ಒಟ್ಟು ಎಷ್ಟು ಕೊಟ್ಟರು ಅನ್ನುವುದನ್ನು ಬರೆದಿರಲಿಲ್ಲ.

ನಾನು ಅವತ್ತು ಏನೂ ಉಪದೇಶ ಹೇಳಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಂಡು ಬನ್ನಿ ಅಂದೆ. ಕೂಪನ್ ಶುರುವಾಗುವ ಮುಂಚಿನ ಕೆಲವು ತಿಂಗಳು ಮತ್ತು ಈಗಿನ ಕೆಲವು ತಿಂಗಳು, ಮನೆ ಸಾಮಾನಿಗೆ ಹೋದ ಒಟ್ಟು ದುಡ್ಡು ಮಾತ್ರ ಕೂಡಿಸಿ, ರಿಯಾಯಿತಿ ಎಷ್ಟು ಅಂತ ನೋಡಲೇಬೇಡಿ ಅಂದೆ. ಲೆಕ್ಕ ಮಾಡಿದ್ದು ಸರ್ ಅವರೇ. ಮೇಡಂ ಮಾಡಿದ್ದರೆ ಅದು ಇನ್ನೊಂದು ಜಗಳ ಆಗುತ್ತಿತ್ತು. ಬೆಲೆ ಏರಿದ್ದನ್ನು ಬಿಟ್ಟರೂ, ಕೂಪನ್ ಇದ್ದ ತಿಂಗಳುಗಳಲ್ಲಿ ಖರ್ಚು ಹತ್ತಿರ ಹತ್ತಿರ ಮೂರನೇ ಒಂದು ಪಾಲು ಜಾಸ್ತಿ ಆಗಿತ್ತು.

"ಹಾಗಾದ್ರೆ ನಾನು ಮಾಡಿದ್ದೆಲ್ಲ ವೇಸ್ಟಾ?" ಅಂತ ಕೇಳಿದರು.

ಅಲ್ಲ ಅಂದೆ. ಅದನ್ನು ಅವರಿಗೆ ಸಮಾಧಾನಕ್ಕೆ ಹೇಳಿದ್ದಲ್ಲ. ಯಾವ ವಸ್ತುವಿನ ಮಾಮೂಲಿ ಬೆಲೆ ಎಷ್ಟು, ಯಾವಾಗ ಇಳಿಯುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಎಷ್ಟೋ ಮನೆಗಳಲ್ಲಿ ಈ ಜ್ಞಾನ ಯಾರಿಗೂ ಇರುವುದಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಮನೆಗೆ ಏನು ಬೇಕು ಅನ್ನುವುದನ್ನು ಈಗ ಅಂಗಡಿಯ ಆಪ್ ತೀರ್ಮಾನ ಮಾಡುತ್ತಿತ್ತು, ಸರ್ ಅದನ್ನು ಬಹಳ ಜಾಣತನದಿಂದ ಕೊಳ್ಳುತ್ತಿದ್ದರು.

ಅವರಿಗೆ ತಾವು ದಡ್ಡರು ಅನ್ನಿಸುತ್ತಿತ್ತು, ಅದಕ್ಕೇ ಸ್ವಲ್ಪ ಹಳೇ ಕಥೆ ಹೇಳಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, 2017ರಲ್ಲಿ ನೊಬೆಲ್ ಪಡೆದವರು, 1985ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಕೊಂಡ ವಸ್ತುವಿನಿಂದ ಸಿಗುವ ಖುಷಿ ಒಂದು, ಕಡಿಮೆಗೆ ಗಿಟ್ಟಿಸಿದೆ ಅನ್ನುವ ಖುಷಿ ಇನ್ನೊಂದು. ಎರಡನೆಯದಕ್ಕೆ ವಸ್ತು ಮನೆಗೆ ಬೇಕೋ ಬೇಡವೋ ಅನ್ನುವುದು ಮುಖ್ಯವೇ ಅಲ್ಲ. ಅಲ್ಲಿನ ಜೆಸಿ ಪೆನ್ನಿ ಎಂಬ ದೊಡ್ಡ ಮಳಿಗೆ ಸರಣಿ 2012ರಲ್ಲಿ ಕೂಪನ್ನು, ಸೇಲು ಹೆಚ್ಚೂಕಡಿಮೆ ನಿಲ್ಲಿಸಿ, ದಿನವೂ ಒಂದೇ ಕಡಿಮೆ ಬೆಲೆ ಅಂತ ಘೋಷಿಸಿತು. ಗಿರಾಕಿಗಳು ಖುಷಿಪಡಬೇಕಿತ್ತು, ಅಲ್ವಾ? ಆ ವರ್ಷ ವ್ಯಾಪಾರ ಸುಮಾರು 25% ಬಿದ್ದುಹೋಯಿತು. 2013ರಲ್ಲಿ ಅದರ ಮುಖ್ಯಸ್ಥ ರಾನ್ ಜಾನ್ಸನ್ ಹೊರಗೆ ಹೋದರು, ಕೂಪನ್ ವಾಪಸ್ ಬಂತು. ಇದನ್ನು ಕೇಳಿ ಸರ್ ಮೊದಲ ಸಲ ನಕ್ಕರು. ತಮ್ಮಂಥವರು ಜಗತ್ತಿನಲ್ಲಿ ಜಾಸ್ತಿ ಇದ್ದಾರೆ ಅನ್ನುವುದು ಕೆಲವೊಮ್ಮೆ ಔಷಧಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಆಮೇಲೆ ಫೈಲಿನಿಂದಲೇ ಬಿಲ್ಲುಗಳನ್ನು ತೆಗೆದು ಒಂದೊಂದೇ ನೋಡಿದೆವು. ಒಂದು ಬಿಲ್ಲಿನಲ್ಲಿ, ಮನೆಗೆ ಬೇಕಿದ್ದ ಸಾಮಾನು 700ಕ್ಕೆ ಮುಗಿಯುತ್ತಿತ್ತು. 1000 ಮುಟ್ಟಿದರೆ 100 ಕಡಿತ ಅಂತ ಕೂಪನ್. ಸರ್ 300ರ ಸಾಮಾನು ಸೇರಿಸಿದರು, 900 ಕೊಟ್ಟರು, ಹೈಲೈಟರ್‌ನಲ್ಲಿ 100 ಉಳಿತಾಯ ಅಂತ ಬಳಿದರು. ಜೇಬಿನಿಂದ ಹೋದದ್ದು 200 ಜಾಸ್ತಿ. ಸೇರಿಸಿದ್ದು ಹೇಗೂ ಮುಂದಿನ ತಿಂಗಳು ಬೇಕಾಗುತ್ತಿದ್ದ ಸಾಮಾನಾಗಿದ್ದರೆ ನಾನೇ ಭೇಷ್ ಅನ್ನುತ್ತಿದ್ದೆ. ಅದು ಕಾರಿನ ಸುಗಂಧದ ಡಬ್ಬಿ. ಅವರಿಗೆ ಕಾರಿಲ್ಲ.

ಇನ್ನೊಂದು, 100ರ ಖರೀದಿಗೆ 20% ವಾಪಸ್. ವಾಪಸ್ ಬಂದದ್ದು ದುಡ್ಡಲ್ಲ, ಮುಂದಿನ ಸಲ 100ರ ಖರೀದಿ ಮಾಡಿದರೆ ಮಾತ್ರ ನಡೆಯುವ ವೋಚರ್. ಎರಡೂ ಸಲದ್ದು ಸೇರಿ 200ರ ಸಾಮಾನಿಗೆ 180 ಕೊಟ್ಟ ಹಾಗಾಯಿತು, ಅಂದರೆ 10%. ಎರಡನೇ ಸಲ ಹೋಗದಿದ್ದರೆ ಸೊನ್ನೆ. ಎರಡು ಕೊಂಡರೆ ಒಂದು ಉಚಿತ ಅನ್ನುವುದೂ ಮೂರನ್ನೂ ಬಳಸಿದರೆ ಮಾತ್ರ 33%. ಒಂದು ಬಳಸಿ ಎರಡನ್ನು ಎಕ್ಸ್‌ಪೈರಿ ಆದ ಮೇಲೆ ಎಸೆದರೆ, ಒಂದು ವಸ್ತುವಿಗೆ ಎರಡರ ಬೆಲೆ ಕೊಟ್ಟಿದ್ದೀರಿ. ಈ ಮಾತು ಬಂದಾಗ ಮೇಡಂ ಮುಖ ಬೇರೆ ಕಡೆ ತಿರುಗಿಸಿದರು. ಅವಧಿ ಮುಗಿದ ಸಾಮಾನನ್ನು ಸರ್ ಇಲ್ಲದ ಹೊತ್ತಿನಲ್ಲಿ ಅವರೇ ಕಸಕ್ಕೆ ಹಾಕುತ್ತಿದ್ದರಂತೆ, ಸುಮ್ನೆ ರಂಪ ಬೇಡ ಅಂತ.

ಪಾಯಿಂಟ್ಸ್ ವಿಷಯ, ಅಂದರೆ ಕೊಂಡಷ್ಟಕ್ಕೆ ಅಂಗಡಿಯವರು ಖಾತೆಗೆ ಹಾಕುವ ಅಂಕಗಳದ್ದು, ಸ್ವಲ್ಪ ಆಳವಾಗಿ ನೋಡಬೇಕಾಯಿತು, ಯಾಕೆಂದರೆ ಸರ್‌ಗೆ ಕೂಪನ್‌ಗಿಂತ ಅದರ ಮೇಲೆ ಮೋಹ ಜಾಸ್ತಿ. "ಇನ್ನು ಸ್ವಲ್ಪ ಆದ್ರೆ ಗೋಲ್ಡ್ ಲೆವೆಲ್" ಅಂತ ಆಪ್ ತೋರಿಸುತ್ತಿತ್ತು. ಜೋಸೆಫ್ ನ್ಯೂನ್ಸ್, ಗ್ಜಾವಿಯೆ ಡ್ರೇಜ್ ಅನ್ನುವ ಇಬ್ಬರು ಸಂಶೋಧಕರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾರು ತೊಳೆಯುವ ಕಡೆ ಕೆಲವರಿಗೆ 8 ಸ್ಟ್ಯಾಂಪಿನ ಕಾರ್ಡ್ ಕೊಟ್ಟರು, ಒಂದು ಸಲ ತೊಳೆಸಿದರೆ ಒಂದು ಸ್ಟ್ಯಾಂಪ್, ಕಾರ್ಡ್ ತುಂಬಿದರೆ ಒಂದು ಸಲ ಉಚಿತ. ಉಳಿದವರಿಗೆ 10 ಸ್ಟ್ಯಾಂಪಿನ ಕಾರ್ಡ್, ಆದರೆ 2 ಸ್ಟ್ಯಾಂಪ್ ಮೊದಲೇ ಒತ್ತಿ ಕೊಟ್ಟರು. ಎರಡೂ ಗುಂಪಿನವರು ತೊಳೆಸಬೇಕಾದ್ದು 8 ಸಲವೇ. ಮೊದಲ ಗುಂಪಿನಲ್ಲಿ 19% ಜನ ಕಾರ್ಡ್ ಪೂರ್ತಿ ಮಾಡಿದರು, ಎರಡನೆಯದರಲ್ಲಿ 34%. ಆಗಲೇ ಶುರು ಮಾಡಿಬಿಟ್ಟಿದ್ದೇವೆ ಅನ್ನಿಸಿದರೆ ಸಾಕು, ಬಿಡಲು ಮನಸ್ಸು ಬರುವುದಿಲ್ಲ. "ಜಾಯಿನ್ ಆದಾಗಲೇ 200 ಪಾಯಿಂಟ್ ಫ್ರೀ ಕೊಟ್ಟಿದ್ರು" ಅಂದರು ಸರ್, ನಿಧಾನಕ್ಕೆ.

ಆ ಅಂಗಡಿಯಲ್ಲಿ ಒಂದು ಪಾಯಿಂಟಿನ ಬೆಲೆ ಲೆಕ್ಕ ಹಾಕಿದರೆ ಸಿಗುತ್ತಿದ್ದದ್ದು ಖರ್ಚಿನ 1%. ಆ 1% ಕಳೆದರೂ ಪಕ್ಕದ ಅಂಗಡಿಯಲ್ಲಿ ಅದೇ ಸಾಮಾನು ಕಡಿಮೆಗೆ ಇತ್ತು, ಅದು ಸರ್‌ಗೂ ಗೊತ್ತಿತ್ತು, ಪಾಯಿಂಟ್ಸ್ ಬಿಟ್ಟುಹೋಗುತ್ತೆ ಅಂತ ಹೋಗುತ್ತಿರಲಿಲ್ಲ. ನಿಮ್ಮ ಖಾತೆಯಲ್ಲಿರುವ ಪಾಯಿಂಟ್ಸ್ ನಿಮ್ಮ ಉಳಿತಾಯ ಅಲ್ಲ. ಅದಕ್ಕೆ ಬಡ್ಡಿ ಬರುವುದಿಲ್ಲ, ಅವಧಿ ಮುಗಿಯುತ್ತದೆ, ನಾಳೆ ನಿಯಮ ಬದಲಿಸಿ ಅರ್ಧ ಬೆಲೆ ಮಾಡಿದರೂ ಕೇಳುವವರಿಲ್ಲ. ಬಂದಷ್ಟನ್ನು ಬೇಗ ರಿಡೀಮ್ ಮಾಡಿ (ಬಿಲ್ಲಿನಲ್ಲಿ ಬಳಸಿ ಮುಗಿಸಿ), ಅದೂ ಪಟ್ಟಿಯಲ್ಲಿರುವ ವಸ್ತುವಿಗೆ. ಪಾಯಿಂಟ್ಸ್ ಆಸೆಗೆ ಕ್ರೆಡಿಟ್ ಕಾರ್ಡ್ ಉಜ್ಜಿ ಬಾಕಿ ಉಳಿಸಿಕೊಂಡರಂತೂ ಮಾತೇ ಬೇಡ, ಒಂದೇ ತಿಂಗಳ ಬಡ್ಡಿ ಆ ಪಾಯಿಂಟ್ಸ್‌ನೆಲ್ಲ ತಿಂದುಹಾಕುತ್ತದೆ.

ಸರ್‌ಗೆ ಕೊಟ್ಟ ಸಲಹೆಯಲ್ಲಿ ಕೂಪನ್ ಬಿಡಿ ಅನ್ನುವುದು ಇರಲಿಲ್ಲ. ಬಿಡಿಸಿದ್ದರೆ ಅವರು ಕದ್ದು ಮಾಡುತ್ತಿದ್ದರು. ಕ್ರಮ ಮಾತ್ರ ತಿರುಗಿಸಿದೆವು. ಮೊದಲು ಪಟ್ಟಿ, ಆಮೇಲೆ ಕೂಪನ್. ಪಟ್ಟಿ ಬರೆಯುವವರೆಗೆ ಯಾವ ಆಪ್ ಕೂಡ ತೆರೆಯುವಂತಿಲ್ಲ. ನೋಟಿಫಿಕೇಶನ್ ಎಲ್ಲ ಆಫ್, ಮೆಸೇಜ್‌ಗಳು ಬರಲು ಬೇರೆ ಇಮೇಲ್. ಕಾರ್ಡ್‌ಗಳಲ್ಲಿ ಎರಡು ಅಂಗಡಿಯದ್ದು ಇಟ್ಟುಕೊಂಡು ಉಳಿದವನ್ನು ತೆಗೆದುಹಾಕಿದರು, ಒಂದಕ್ಕೆ ಸ್ವಲ್ಪ ಒದ್ದಾಡಿದರು.

ಅವರಿಗೆ ಹಿಡಿಸಿದ್ದು ಬೆಲೆ ಪುಸ್ತಕ. ಮನೆಯಲ್ಲಿ ಪದೇ ಪದೇ ಬೇಕಾಗುವ ಹದಿನೈದು ಇಪ್ಪತ್ತು ವಸ್ತುಗಳ ಮಾಮೂಲಿ ಬೆಲೆಯನ್ನು 100 ಗ್ರಾಮಿಗೆ, 100 ಎಂಎಲ್‌ಗೆ ಅಂತ ಭಾಗಿಸಿ ಬರೆದಿಡುವುದು. ಪ್ಯಾಕೆಟ್ ಮೇಲೆ ಗೆರೆ ಹೊಡೆದು ತೋರಿಸುವ ಹಳೇ ಬೆಲೆಯನ್ನು ನಂಬುವಂತಿಲ್ಲ, ತಮ್ಮ ಪುಸ್ತಕದ ಬೆಲೆಗಿಂತ ಕಡಿಮೆ ಇದ್ದರೆ ಮಾತ್ರ ಆಫರ್. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಲ್ಲ ಅಂತ ಅವರೇ ಕಂಡುಹಿಡಿದುಕೊಂಡು ಬಂದರು. 20% ಕಡಿತ, ಅದರ ಮೇಲೆ 10% ಅಂದರೆ 30 ಅಲ್ಲ 28 ಅನ್ನುವುದನ್ನೂ ನನಗೇ ಪಾಠ ಮಾಡಿದರು.

ಜೊತೆಗೆ ಒಂದು ಮಾರ್ಕರ್ ಪೆನ್. ಹೊಸ ಬಾಟಲಿ, ಹೊಸ ಪೇಸ್ಟು ತೆಗೆದ ದಿನ ಅದರ ಮೇಲೇ ತಾರೀಖು ಬರೆಯುವುದು. ಖಾಲಿಯಾದಾಗ ನೋಡಿದರೆ ಒಂದು ಎಷ್ಟು ದಿನ ಬರುತ್ತದೆ ಅಂತ ಗೊತ್ತಾಗುತ್ತದೆ. ಮೂರು ತಿಂಗಳಿಗೆ ಆಗುವಷ್ಟು ಮನೆಯಲ್ಲಿದ್ದರೆ ಎಂಥ ಆಫರ್ ಬಂದರೂ ಮುಟ್ಟುವಂತಿಲ್ಲ. ಸೇಲ್ ಮತ್ತೆ ಬರುತ್ತದೆ. ಬರದೇ ಹೋದದ್ದನ್ನು ನಾನಂತೂ ನೋಡಿಲ್ಲ.

ಇಷ್ಟರಲ್ಲೂ ನಾನು ಹಟ ಹಿಡಿದದ್ದು ಒಂದಕ್ಕೆ. ಬಿಲ್ಲು ಎಷ್ಟು ಉಳಿಸಿದಿರಿ ಅಂತ ಹೇಳುತ್ತದೋ ಅಷ್ಟು ದುಡ್ಡನ್ನು ಅವತ್ತೇ, ಅಂಗಡಿಯಿಂದ ಹೊರಗೆ ಬಂದ ಕೂಡಲೇ, ಫೋನಿನಲ್ಲಿ ಬೇರೆ ಖಾತೆಗೆ ಹಾಕಬೇಕು. ಮಗಳ ಫೀಸಿನ ಖಾತೆ. ಹಾಕಲು ದುಡ್ಡಿಲ್ಲ ಅಂದರೆ ಅವತ್ತು ಉಳಿದಿಲ್ಲ. ಮೊದಲ ವಾರವೇ ಸರ್ ಫೋನ್ ಮಾಡಿ ಗೊಣಗಿದರು, "ಬಿಲ್ಲಲ್ಲಿ ಉಳೀತು ಅಂತಿದೆ, ಖಾತೇಲಿ ಇಲ್ವಲ್ಲ" ಅಂತ. ಅದೇ ಸರ್, ನಾನೂ ಅದನ್ನೇ ಹೇಳ್ತಿರೋದು ಅಂದೆ.

ಮೇಡಂ ಅವರನ್ನು ಪ್ರತ್ಯೇಕವಾಗಿ ಕೂರಿಸಿ ಮಾತಾಡಿದೆ. ಅವರು ನನ್ನ ಹತ್ತಿರ ಒಂದು ವಿಷಯ ಹೇಳಿದರು: ಗಂಡನ ಮೇಲಿನ ಸಿಟ್ಟಿಗೆ, ಕೂಪನ್ ಇದ್ದ ವಸ್ತುವನ್ನೇ ಬೇಕಂತ ಪೂರ್ತಿ ಬೆಲೆ ಕೊಟ್ಟು ತರುತ್ತಿದ್ದರು. ನಂಟರ ಮುಂದೆ "ಇವರಿಗೆ ಆಫರ್ ಹುಚ್ಚು" ಅಂತ ನಗೆಚಾಟಿಕೆ ಮಾಡುತ್ತಿದ್ದರು. ಆ ಮಾತು ಸರ್‌ಗೆ ಎಲ್ಲಿ ತಾಗುತ್ತಿತ್ತು ಅಂತ ಅವರಿಗೆ ಹೊಳೆದಿರಲಿಲ್ಲ. ಸಂಬಳ ಇಳಿದ ಗಂಡಸು, ಮನೆಗೆ ನಾನೂ ಏನೋ ಕೊಡುತ್ತಿದ್ದೇನೆ ಅಂತ ಹಿಡಿದುಕೊಂಡಿದ್ದು ಆ ಹಳದಿ ಗೆರೆಗಳನ್ನು. ಅದನ್ನು ಕಿತ್ತುಕೊಳ್ಳುವ ಮುಂಚೆ ಕೈಗೆ ಬೇರೆ ಏನಾದರೂ ಕೊಡಬೇಕಲ್ಲ? ಹಾಗಾಗಿ ಮೇಡಂಗೆ ಹೇಳಿದ್ದು ಇಷ್ಟೇ: ಹುಚ್ಚು ಅನ್ನುವ ಪದ ಮನೆಯಲ್ಲಿ ಬೇಡ. ವಾರಕ್ಕೊಂದು ಸಲ ಪಟ್ಟಿಯನ್ನು ಇಬ್ಬರೂ ಕೂತು ಬರೆಯಿರಿ. ಎಸೆಯುವುದಿದ್ದರೆ ಅವರ ಎದುರಿಗೇ ಎಸೆಯಿರಿ. ಫೀಸಿನ ಖಾತೆಗೆ ದುಡ್ಡು ಬಿದ್ದಾಗ ನೋಡಿದೆ ಅಂತ ಹೇಳಿ. ಹೊಗಳಬೇಕಾಗಿಲ್ಲ, ನೋಡಿದೆ ಅಂದರೆ ಸಾಕು.

ಇದು ಎಲ್ಲರಿಗೂ ಹೊಂದುವ ಸಲಹೆ ಅಲ್ಲ. ಕೊಂಡದ್ದನ್ನು ಮುಚ್ಚಿಡುವುದು, ಕೊಳ್ಳಲು ಸಾಲ ಮಾಡುವುದು, ಆಫರ್ ತಪ್ಪಿದರೆ ನಿದ್ದೆ ಬಾರದಿರುವುದು, ನಿಲ್ಲಿಸಬೇಕು ಅಂದುಕೊಂಡರೂ ಆಗದಿರುವುದು, ಇವೆಲ್ಲ ಇದ್ದರೆ ಬೆಲೆ ಪುಸ್ತಕದಿಂದ ಸರಿಹೋಗುವುದಿಲ್ಲ, ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಬೇಕು. ಸರ್ ಆ ಹಂತಕ್ಕೆ ಹೋಗಿರಲಿಲ್ಲ. ಸಾಮಾನು ಯಾವುದನ್ನೂ ಬಚ್ಚಿಟ್ಟವರಲ್ಲ, ತೋರಿಸಿ ತೋರಿಸಿಯೇ ತಂದವರು.

ಈಗಿನ ಸ್ಥಿತಿ: ಖರ್ಚು ಹಳೇ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬಂದಿದೆ, ಅಕ್ಕನ ಸಾಲ ಅರ್ಧ ತೀರಿದೆ. ನಡುವೆ ಒಂದು ದೊಡ್ಡ ಸೇಲ್‌ನಲ್ಲಿ ಸರ್ ಜಾರಿದರು, ಬೇಡದ ಮಿಕ್ಸರ್ ಬಂತು, ಆದರೆ ಮರುದಿನ ಅವರೇ ರಿಟರ್ನ್ ಮಾಡಿದರು. ಮೇಡಂ ಇನ್ನೂ ಆಪ್ ಮುಟ್ಟುವುದಿಲ್ಲ, ಮುಂದೆಯೂ ಮುಟ್ಟುವುದಿಲ್ಲವಂತೆ, ಅದು ಅವರಿಷ್ಟ. ಸಂಬಳ ಕಡಿಮೆಯಾದ ವಿಷಯವನ್ನು ಸರ್ ತಮ್ಮ ಅಣ್ಣನಿಗೆ ಇನ್ನೂ ಹೇಳಿಲ್ಲ, ಮನೆಗೆ ಕಳಿಸುವ ದುಡ್ಡನ್ನು ಮೊದಲಿನಷ್ಟೇ ಕಳಿಸುತ್ತಿದ್ದಾರೆ. ಮುಂದಿನ ಭೇಟಿಯಲ್ಲಿ ಅದನ್ನು ಎತ್ತಿಕೊಳ್ಳಬೇಕು.